ಅಂಕ ಆಮೇಲೆ, ಮೊದಲು ರಿಪೋರ್ಟ್ ಓದಿ

(ಮಂಡ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ರೈತರು, ಸಣ್ಣ ವ್ಯಾಪಾರಿಗಳು ಮತ್ತು ಸಂಘದ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಹಣಿಯ 11ನೇ ಕಾಲಂ ನೋಡದೆ ಜಮೀನು ಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಇರಲಿಕ್ಕಿಲ್ಲ. 9ರಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಬ್ಯಾಂಕಿನ ಋಣ ಕೂತಿದೆ ಅಂತ ಕನ್ನಡಕ ಹಾಕಿಕೊಂಡು ನೋಡುವ ಜನ ನಾವು. ಆದರೆ ನಮ್ಮ ಮೇಲೇ ಇಂಥದ್ದೊಂದು ಪಹಣಿ ಇದೆ: ನಾವು ತೆಗೆದ ಸಾಲ, ಕಟ್ಟಿದ ಕಂತು ಎಲ್ಲ ಬರೆದಿಟ್ಟ ಕ್ರೆಡಿಟ್ ರಿಪೋರ್ಟ್, ಜನರ ಬಾಯಲ್ಲಿ 'ಸಿಬಿಲ್'. ಅದನ್ನು ಮಾತ್ರ ತೆಗೆದು ನೋಡಿರುವುದಿಲ್ಲ. ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನು ನೋಡಿ, 'ನಿಮ್ಮ ಸಿಬಿಲ್ ಸರಿ ಇಲ್ಲ, ಆಗಲ್ಲ' ಅಂದುಬಿಡುತ್ತಾರೆ. ನಾವು ಎದ್ದು ಬರುತ್ತೇವೆ. ಏನು ಸರಿ ಇಲ್ಲ ಅಂತ ಕೇಳುವುದೂ ಇಲ್ಲ.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ, ಮೇಜಿನ ಆ ಕಡೆ ಕೂತಿದ್ದವನು. ಜನ ಬಂದು ಮೊದಲು ಕೇಳುವುದು 'ನಂದು ಎಷ್ಟಿದೆ ಸಾ?' ಅಂತ, ಅಂದರೆ ಸಿಬಿಲ್ ಅಂಕ. 640 ಅಂದರೆ ಮುಖ ಬಾಡುತ್ತದೆ, 780 ಅಂದರೆ ಅರಳುತ್ತದೆ. ಆ ಅಂಕ ಕೊನೆಯಲ್ಲಿ ಬರುವ ಮೊತ್ತ. ಅದರ ಹಿಂದೆ ಪುಟಗಟ್ಟಲೆ ಸಾಲುಗಳಿವೆ. ಆ ಸಾಲುಗಳನ್ನು ಬರೆದವರು ನೀವಲ್ಲ, ನಿಮಗೆ ಸಾಲ ಕೊಟ್ಟವರು. ಅವರು ಬರೆದದ್ದು ಸರಿ ಇದೆಯಾ ಅಂತ ನೋಡುವವರು ಯಾರು? ನೀವೇ ನೋಡಬೇಕು, ಬೇರೆ ಯಾರೂ ನೋಡುವುದಿಲ್ಲ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ಹೇಗೆ ನೋಡುವುದು ಅನ್ನುವುದರ ವಿವರ.

ನಮ್ಮ ದೇಶದಲ್ಲಿ ಈ ದಾಖಲೆ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. 2005ರ ಕಾಯ್ದೆಯೊಂದರ ಕೆಳಗೆ ರಿಸರ್ವ್ ಬ್ಯಾಂಕ್ ಇವುಗಳಿಗೆ ಪರವಾನಗಿ ಕೊಟ್ಟಿದೆ. ಬ್ಯಾಂಕು, ಫೈನಾನ್ಸ್ ಕಂಪನಿ, ಕ್ರೆಡಿಟ್ ಕಾರ್ಡಿನವರು, ಮೈಕ್ರೋ ಫೈನಾನ್ಸಿನವರು ನಿಮ್ಮ ಸಾಲದ ಲೆಕ್ಕವನ್ನು ನಾಲ್ಕಕ್ಕೂ ಕಳಿಸಬೇಕು. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದರು. 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಅಂತ ಆಯಿತು. ಅಂಕ 300ರಿಂದ 900ರವರೆಗೆ ಇರುತ್ತದೆ.

ಅದರಲ್ಲಿ ಏನು ಇರುವುದಿಲ್ಲ ಅನ್ನೋದೂ ಗೊತ್ತಿರಲಿ. ಕೈಸಾಲ ಇರುವುದಿಲ್ಲ, ಊರಿನ ಚೀಟಿ ಇರುವುದಿಲ್ಲ. ನಿಮ್ಮ ಉಳಿತಾಯ ಖಾತೆಯಲ್ಲಿ ಎಷ್ಟು ದುಡ್ಡಿದೆ, ಎಷ್ಟು ಎಕರೆ ಗದ್ದೆ ಇದೆ, ಇದ್ಯಾವುದೂ ಅಂಕಕ್ಕೆ ಸೇರುವುದಿಲ್ಲ. ಹತ್ತು ಎಕರೆ ನೀರಾವರಿ ಇರುವ ಯಜಮಾನರಿಗೆ 600, ಅವರ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ 770 ಬಂದರೆ ಆಶ್ಚರ್ಯಪಡಬೇಡಿ.

ಈಗ ನೋಡುವುದು ಹೇಗೆ. ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಅಂಕದ ಸಮೇತ ಪೂರ್ತಿ ರಿಪೋರ್ಟನ್ನು ಬಿಟ್ಟಿಯಾಗಿ ಕೊಡಬೇಕು. 2017ರಿಂದ ಇದು ರಿಸರ್ವ್ ಬ್ಯಾಂಕಿನ ನಿಯಮ. ಕಂಪನಿಯ ಜಾಲತಾಣಕ್ಕೆ ಹೋಗಿ. ವಿಳಾಸ ನೀವೇ ಟೈಪ್ ಮಾಡಿ, ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಲಿಂಕ್ ಒತ್ತಬೇಡಿ. ಪ್ಯಾನ್ ನಂಬರ್, ಹುಟ್ಟಿದ ದಿನ, ಮೊಬೈಲ್, ಇಮೇಲ್ ಕೇಳುತ್ತದೆ. ಒಟಿಪಿ ಬರುತ್ತದೆ. ಅಷ್ಟೇ. ಒಂದೇ ಎಚ್ಚರ: ದುಡ್ಡು ಕಟ್ಟುವ ಪ್ಲಾನುಗಳು ದೊಡ್ಡ ಅಕ್ಷರದಲ್ಲಿ ಕಣ್ಣಿಗೆ ರಾಚುವ ಹಾಗೆ ಇರುತ್ತವೆ, ಬಿಟ್ಟಿ ರಿಪೋರ್ಟಿನ ಕೊಂಡಿ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಸ್ವಲ್ಪ ತಾಳ್ಮೆಯಿಂದ ಹುಡುಕಿ. ನಾಲ್ಕನ್ನೂ ಒಂದೇ ದಿನ ತೆಗೆಯುವ ಬದಲು ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷಪೂರ್ತಿ ಒಂದು ಕಣ್ಣಿಟ್ಟ ಹಾಗಾಗುತ್ತದೆ, ಒಂದು ಪೈಸೆ ಖರ್ಚಿಲ್ಲ.

ನಾವೇ ನೋಡಿಕೊಂಡರೆ ಅಂಕ ಕಡಿಮೆ ಆಗುತ್ತದೆ ಅನ್ನೋ ಮಾತೊಂದಿದೆ. ಸುಳ್ಳು. ನೀವು ಎಷ್ಟು ಸಲ ನೋಡಿದರೂ ಏನೂ ಆಗುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿ, ಬ್ಯಾಂಕಿನವರು ತೆಗೆದು ನೋಡಿದರೆ ಅದು 'ಎನ್‌ಕ್ವೈರಿ' ಅಂತ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಐದಾರು ಕಡೆ ಅರ್ಜಿ ಹಾಕಿದರೆ, ಇವನಿಗೆ ದುಡ್ಡಿನ ಅರ್ಜೆಂಟ್ ಜಾಸ್ತಿ ಇದೆ ಅಂತ ಲೆಕ್ಕ ಹಾಕುತ್ತಾರೆ.

ಇನ್ನು ಫೋನಿನ ಆ್ಯಪುಗಳು. 'ಫ್ರೀ ಸ್ಕೋರ್' ಅಂತ ತೋರಿಸುತ್ತವೆ. ತೋರಿಸುವುದು ನಿಜ. ಜೊತೆಗೆ ನಿಮ್ಮ ದಾಖಲೆ ನೋಡಲು ಅನುಮತಿಯನ್ನೂ ಪಡೆದುಕೊಳ್ಳುತ್ತವೆ, ಆಮೇಲೆ 'ಸರ್, ಲೋನ್ ಬೇಕಾ' ಅಂತ ಫೋನುಗಳು ಶುರು. ಒಂದು ಆ್ಯಪಿನಲ್ಲಿ 742, ಇನ್ನೊಂದರಲ್ಲಿ 715 ಬಂದರೆ ಗಾಬರಿ ಬೇಡ. ಒಂದು ಆ್ಯಪ್ ಒಂದು ಕಂಪನಿಯಿಂದ ತರುತ್ತದೆ, ಇನ್ನೊಂದು ಬೇರೆಯದರಿಂದ. ಲೆಕ್ಕ ಹಾಕುವ ರೀತಿ ಬೇರೆ ಬೇರೆ.

ಸರಿ, ರಿಪೋರ್ಟ್ ಕೈಗೆ ಬಂತು ಅಂದುಕೊಳ್ಳಿ. ಅಂಕದ ಮೇಲೆ ಒಂದು ಬೆರಳಿಟ್ಟು ಮುಚ್ಚಿಕೊಂಡೇ ಕೆಳಗೆ ಬನ್ನಿ.

ಮೊದಲು ಹೆಸರು. ಬೇರೆ ಜಿಲ್ಲೆಯವರಿಗಿಂತ ನಮಗೆ ಇಲ್ಲಿ ತೊಂದರೆ ಜಾಸ್ತಿ ಅಂತ ನನ್ನ ಅನಿಸಿಕೆ. ಒಂದು ಊರಿನಲ್ಲಿ ನಾಲ್ಕು ಜನ ನಿಂಗೇಗೌಡರು, ಆರು ಜನ ಮಂಜುನಾಥರು. ಆಧಾರಿನಲ್ಲಿ ಮಂಜುನಾಥ, ಪ್ಯಾನಿನಲ್ಲಿ ಮಂಜುನಾಥ್, ಪಾಸ್ ಪುಸ್ತಕದಲ್ಲಿ ಇನಿಷಿಯಲ್ ಮುಂದೆ, ಸೊಸೈಟಿಯಲ್ಲಿ ಹಿಂದೆ. ಇನ್ನು ಹುಟ್ಟಿದ ದಿನ? ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ ಒಂದು! ನಗಬೇಡಿ, ಈ ಸಭೆಯಲ್ಲೇ ಜೂನ್ ಒಂದಕ್ಕೆ ಹುಟ್ಟಿದವರು ಹತ್ತು ಜನ ಸಿಗುತ್ತಾರೆ. ಅದೇ ಹೆಸರು, ಅದೇ ಊರು, ಅದೇ ಜೂನ್ ಒಂದು. ಹಳೇ ಸಾಲ ಕೊಡುವಾಗ ಪ್ಯಾನ್ ತೆಗೆದುಕೊಂಡಿರದಿದ್ದರೆ ಅಲ್ಲಿ ಕಂಪ್ಯೂಟರು ಹೊಂದಿಸುವುದು ಹೆಸರು, ವಿಳಾಸ, ಹುಟ್ಟಿದ ದಿನ ನೋಡಿಕೊಂಡೇ. ಒಬ್ಬ ಮಂಜುನಾಥನ ಟ್ರ್ಯಾಕ್ಟರ್ ಸಾಲ ಇನ್ನೊಬ್ಬ ಮಂಜುನಾಥನ ತಲೆಗೆ ಬರುವುದು ಹೀಗೆ. ಅದಕ್ಕೇ ರಿಪೋರ್ಟಿನ ಮೊದಲ ಪುಟ ಸುಮ್ನೆ ದಾಟಿಸಬೇಡಿ. ನಿಮ್ಮದಲ್ಲದ ಫೋನ್ ನಂಬರ್, ನೀವು ಯಾವತ್ತೂ ವಾಸ ಮಾಡಿರದ ವಿಳಾಸ, ಬೇರೆಯವರ ಪ್ಯಾನ್ ಇದೆಯಾ ನೋಡಿ. ಇದ್ದರೆ ಕೆಳಗಿನ ಸಾಲಗಳಲ್ಲೂ ಬೇರೆಯವರದು ಸೇರಿರಬಹುದು.

ಆಮೇಲೆ ಬ್ಯಾಂಕಿನ ಹೆಸರು. 'ನಾನು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಬಾಗಿಲೇ ತುಳಿದಿಲ್ಲ, ಇದ್ಯಾವ ಸಾಲ?' ಅಂತ ಕೆಲವರು ರೇಗುತ್ತಾರೆ. ಸ್ವಲ್ಪ ತಡೆಯಿರಿ. ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 1913ರಲ್ಲಿ ಮೈಸೂರ್ ಬ್ಯಾಂಕ್ ಅಂತ ಶುರುವಾದದ್ದು, 2017ರ ಏಪ್ರಿಲ್ 1ಕ್ಕೆ ಅದರೊಳಗೆ ಸೇರಿಹೋಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಮಂಡ್ಯದವರಿಗೆ ನೆನಪಿರುವ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಆಯಿತು, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಳೇ ಸಾಲ ಹೊಸ ಹೆಸರಿನಲ್ಲಿ ಕೂತಿರಬಹುದು. ಸಾಲ ತೆಗೆದ ತಾರೀಖು ಮತ್ತು ಮೊತ್ತ ನೋಡಿದರೆ 'ಓ, ಅದಾ!' ಅಂತ ನೆನಪಾಗುತ್ತದೆ. ಹಾಗೇ, ಅಂಗಡಿಯಲ್ಲಿ ಕಂತಿನ ಮೇಲೆ ಫ್ರಿಜ್ ಕೊಂಡಿದ್ದರೆ ಅಂಗಡಿಯ ಹೆಸರು ಇರುವುದಿಲ್ಲ, ಹಿಂದಿರುವ ಫೈನಾನ್ಸ್ ಕಂಪನಿಯ ಹೆಸರು ಇರುತ್ತದೆ. ಲೋನ್ ಆ್ಯಪುಗಳದ್ದೂ ಇದೇ ಕಥೆ.

ಈಗ ಬಹಳ ಮುಖ್ಯವಾದ ಜಾಗಕ್ಕೆ ಬಂದೆವು. ಪ್ರತಿ ಸಾಲದ ಕೆಳಗೆ ತಿಂಗಳು ತಿಂಗಳಿಗೂ ಒಂದೊಂದು ಮೂರಂಕಿ ಇರುವ ಚೌಕಗಳ ಸಾಲು ಕಾಣುತ್ತದೆ. ಕಂತಿನ ಗಡುವು ದಾಟಿ ಎಷ್ಟು ದಿನ ಆಯಿತು ಅನ್ನುವ ಲೆಕ್ಕ ಅದು. 000 ಇದ್ದರೆ ಸರಿಯಾಗಿ ಕಟ್ಟಿದ್ದೀರಿ. ಎಕ್ಸ್ ಎಕ್ಸ್ ಎಕ್ಸ್ ಇದ್ದರೆ ಆ ತಿಂಗಳು ಬ್ಯಾಂಕಿನವರು ಲೆಕ್ಕ ಕಳಿಸಿಲ್ಲ. ಸಿಬಿಲ್ ರಿಪೋರ್ಟಿನಲ್ಲಿ ಹಿಂದಿನ 36 ತಿಂಗಳು ಹೀಗೆ ಕಾಣುತ್ತದೆ.

ಒಂದು ಉದಾಹರಣೆ ಹಾಕಿಯೇ ನೋಡೋಣ. ಬೈಕಿನ ಕಂತು, ಪ್ರತಿ ತಿಂಗಳು 5ನೇ ತಾರೀಖು. ಜೂನ್ ಕಟ್ಟಿದಿರಿ, 000. ಜುಲೈಯಲ್ಲಿ ಕೈಯಲ್ಲಿ ಕಾಸಿಲ್ಲ, ಖಾತೆಯಲ್ಲೂ ಇಲ್ಲ, ಕಂತು ಬೌನ್ಸ್ ಆಯಿತು. ಜುಲೈ 31ಕ್ಕೆ ಲೆಕ್ಕ ಹಾಕಿದರೆ 26 ದಿನ. ಚೌಕದಲ್ಲಿ 026 ಬಂತು. ಆಗಸ್ಟ್‌ನಲ್ಲೂ ಆಗಲಿಲ್ಲ. ಆಗಸ್ಟ್ 31ಕ್ಕೆ 57 ದಿನ, 057. ಸೆಪ್ಟೆಂಬರಿನಲ್ಲಿ ಕಬ್ಬಿನ ಬಟವಾಡೆ ಬಂತು. ನೀವು ಮರ್ಯಾದಸ್ಥರು, ಬಡ್ಡಿ, ದಂಡ ಎಲ್ಲ ಸೇರಿಸಿ ಪೂರ್ತಿ ಕಟ್ಟಿದಿರಿ. ಸೆಪ್ಟೆಂಬರ್ ಮತ್ತೆ 000. ನಿಮ್ಮ ಲೆಕ್ಕದಲ್ಲಿ ಬಾಕಿ ಚುಕ್ತಾ ಆಯಿತು. ಆದರೆ 026, 057 ಅಲ್ಲೇ ಕೂತಿರುತ್ತವೆ. ಎರಡು ವರ್ಷ ಬಿಟ್ಟು ನೀವು ಮನೆ ಸಾಲಕ್ಕೆ ಹೋದಾಗಲೂ ಮ್ಯಾನೇಜರಿಗೆ ಕಾಣುತ್ತವೆ. ಬಟವಾಡೆ ತಡವಾಯಿತು ಅಂತ ಆ ಚೌಕದಲ್ಲಿ ಬರೆದಿರುವುದಿಲ್ಲ.

ಇಲ್ಲಿ ನನಗೆ ಒಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಹಣ ತಡವಾದರೆ ಅದನ್ನು ದಿನದ ಲೆಕ್ಕದಲ್ಲಿ ಬರೆದಿಡುವ ಚೌಕ ಯಾವ ರಿಪೋರ್ಟಿನಲ್ಲೂ ಇಲ್ಲ. ರೈತ ತಡ ಮಾಡಿದರೆ ಮಾತ್ರ ಇದೆ. ಸಂಬಳದವರ ತಿಂಗಳಿಗೆ ಹೊಂದುವ ಹಾಗೆ ಮಾಡಿದ ಲೆಕ್ಕ ಇದು, ವರ್ಷಕ್ಕೊಂದೆರಡು ಸಲ ದುಡ್ಡು ನೋಡುವವರಿಗೆ ಹೊಂದುವುದಿಲ್ಲ. ಟ್ರ್ಯಾಕ್ಟರ್ ಸಾಲಕ್ಕಾದರೆ ಬೆಳೆ ನೋಡಿಕೊಂಡು ಆರು ತಿಂಗಳಿಗೊಂದು ಕಂತು ಇಡುವುದು ವಾಡಿಕೆ. ಬೈಕಿಗೆ, ಮೊಬೈಲಿಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಬೈಕು ಕೊಳ್ಳುವಾಗಲೇ ಯೋಚಿಸಿ: ಮಧ್ಯದ ತಿಂಗಳುಗಳ ಕಂತು ಎಲ್ಲಿಂದ? ಡೈರಿ ಹಾಲಿನ ದುಡ್ಡು ಬರುವ ಖಾತೆಗೇ ಕಂತನ್ನು ಜೋಡಿಸಿದವರನ್ನು ನೋಡಿದ್ದೇನೆ. ಅದು ಜಾಣತನ. ಹಾಲಿನ ದುಡ್ಡು ಸಣ್ಣದೇ ಇರಬಹುದು, ಆದರೆ ನಿಯಮಿತವಾಗಿ ಬರುತ್ತದೆ. ಕಂತು ತಪ್ಪುತ್ತದೆ ಅಂತ ಮೊದಲೇ ಗೊತ್ತಾದರೆ ಗಡುವಿಗೆ ಮುಂಚೆ ಹೋಗಿ ತಾರೀಖು ಬದಲಿಸಿಕೊಡಿ ಅಂತ ಕೇಳಿ. ಕೊಡಬಹುದು, ಕೊಡದೇ ಇರಬಹುದು. ತಪ್ಪಿದ ಮೇಲಂತೂ ಕೇಳಿ ಪ್ರಯೋಜನ ಇಲ್ಲ. 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಅಲ್ಲಿಂದ ಮೇಲೆ ಬರುವುದು ಕಷ್ಟ.

ಜಾಮೀನಿನ ವಿಷಯ. ಬಾವಮೈದ ಬಂದು 'ಬಾವ, ಒಂದು ಸೈನ್ ಹಾಕು, ಸುಮ್ನೆ ಫಾರ್ಮಾಲಿಟಿ' ಅಂದರೆ ಇಲ್ಲ ಅನ್ನುವುದು ಹೇಗೆ? ಹಾಕಿಬಿಡುತ್ತೀರಿ. ಆ ಸಾಲ ನಿಮ್ಮ ರಿಪೋರ್ಟಿನಲ್ಲೂ ಬರುತ್ತದೆ, 'ಗ್ಯಾರಂಟರ್' ಅಂತ. ಅವನು ತಪ್ಪಿಸಿದ ಕಂತು ನಿಮ್ಮ ಪುಟದಲ್ಲೂ ಕಾಣುತ್ತದೆ. ಜಾಮೀನು ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ನೆಂಟಸ್ತನ ನಡೆಯಬೇಕಲ್ಲ. ಹಾಕಿದ ಮೇಲೆ ವರ್ಷಕ್ಕೊಂದೆರಡು ಸಲ ರಿಪೋರ್ಟಿನಲ್ಲಿ ಆ ಸಾಲು ನೋಡಿ. ಬಾವಮೈದನನ್ನು ಕೇಳಿದರೆ 'ಕಟ್ತಾ ಇದೀನಿ ಕಣ್ ಬಾವ' ಅಂತಲೇ ಹೇಳುವುದು.

ಅಕ್ಕಂದಿರೇ, ಇದು ನಿಮಗೆ. ಗುಂಪಿನಲ್ಲಿ ಮೈಕ್ರೋ ಫೈನಾನ್ಸ್ ಸಾಲ ತೆಗೆದರೂ ಸಾಲ ನಿಮ್ಮ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ. 'ಅಕ್ಕಾ, ನಿನ್ನ ಹೆಸರಲ್ಲಿ ಒಂದು ಲೋನ್ ತೆಗೆಸಿಕೊಡು, ಕಂತು ನಾನು ಕಟ್ಟುತ್ತೀನಿ' ಅಂತ ಪಕ್ಕದ ಮನೆಯವರು ಕೇಳುವುದು, ನೀವು ಕೊಡುವುದು ಇದೆ ಅಲ್ವಾ? ಅವಳು ಕಟ್ಟದಿದ್ದರೆ ಹೆಸರು ಕೆಡುವುದು ನಿಮ್ಮದು. ಇನ್ನೊಂದು ಇದೆ. 2022ರಿಂದ ನಿಯಮ ಏನೆಂದರೆ, ಮೈಕ್ರೋ ಫೈನಾನ್ಸ್ ಸಾಲ ಕೊಡುವಾಗ ಒಂದು ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಅವಳಿಗಾಗಿ ತೆಗೆದ ಸಾಲವೂ ನಿಮ್ಮ ಮನೆಯ ಲೆಕ್ಕಕ್ಕೇ ಸೇರುತ್ತದೆ. ನಾಳೆ ನಿಮಗೆ ನಿಜವಾಗಿ ಬೇಕಾದಾಗ 'ನಿಮ್ಮ ಮಿತಿ ಮುಗಿದಿದೆ' ಅನ್ನುತ್ತಾರೆ.

ಸಾಲದ ಸ್ಥಿತಿ ಅಂತ ಒಂದು ಜಾಗ ಇರುತ್ತದೆ. ತೀರಿಸಿದ ಸಾಲದ ಮುಂದೆ 'ಕ್ಲೋಸ್ಡ್' ಇರಬೇಕು. 'ಸೆಟಲ್ಡ್' ಇದ್ದರೆ ಅರ್ಥ ಬೇರೆ: ಪೂರ್ತಿ ಕಟ್ಟಲಿಲ್ಲ, ಒಂದಿಷ್ಟು ಬಿಟ್ಟುಕೊಟ್ಟು ಮುಗಿಸಿದ್ದೇವೆ ಅಂತ. ಒನ್ ಟೈಮ್ ಸೆಟಲ್‌ಮೆಂಟ್ ಅಂತ ಆಫರ್ ಬಂದಾಗ ಉಳಿಯುವ ದುಡ್ಡು ಮಾತ್ರ ಕಣ್ಣಿಗೆ ಕಾಣುತ್ತದೆ, ಈ ಪದ ವರ್ಷಗಟ್ಟಲೆ ಉಳಿಯುವುದು ಕಾಣುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಮಾಡಿಕೊಳ್ಳಿ, ತಿಳಿದು ಮಾಡಿಕೊಳ್ಳಿ. ಪೂರ್ತಿ ತೀರಿಸಿದವರು ನೋ ಡ್ಯೂ ಸರ್ಟಿಫಿಕೇಟ್, ಅಂದರೆ ಬಾಕಿ ಇಲ್ಲ ಅನ್ನುವ ಪತ್ರ ಇಸಿದುಕೊಳ್ಳದೆ ಬರಬೇಡಿ. ಮನೆ ಪತ್ರ ಇಟ್ಟಿದ್ದರೆ, ತೀರಿಸಿದ 30 ದಿನದೊಳಗೆ ಅದನ್ನು ವಾಪಸ್ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಇದು 2023ರ ಡಿಸೆಂಬರಿನಿಂದ ಇರುವ ನಿಯಮ, ಬಹಳ ಜನಕ್ಕೆ ಗೊತ್ತಿಲ್ಲ.

ತಪ್ಪು ಕಂಡರೆ ಏನು ಮಾಡಬೇಕು? ರಿಪೋರ್ಟ್ ತೆಗೆದ ಜಾಲತಾಣದಲ್ಲೇ 'ಡಿಸ್‌ಪ್ಯೂಟ್', ಅಂದರೆ ತಕರಾರು ಅಂತ ಇರುತ್ತದೆ. ಯಾವ ಸಾಲು ತಪ್ಪು ಅಂತ ಆರಿಸಿ ಹಾಕಿ. ದುಡ್ಡು ಕಟ್ಟಬೇಕಾಗಿಲ್ಲ. ರಿಪೋರ್ಟ್ ಕೊಡುವ ಕಂಪನಿಯವರು ತಾವಾಗೇ ತಿದ್ದುವ ಹಾಗಿಲ್ಲ, ಸಾಲ ಕೊಟ್ಟವರನ್ನು ಕೇಳುತ್ತಾರೆ. ಅವರು ಹೂಂ ಅಂದರೆ ತಿದ್ದುತ್ತಾರೆ. ಹಾಗಾಗಿ ನೋ ಡ್ಯೂ ಪ್ರತಿ ಇಟ್ಟು ಬ್ಯಾಂಕಿಗೂ ಒಂದು ಅರ್ಜಿ ಕೊಡಿ. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ. 30 ದಿನದೊಳಗೆ ಇತ್ಯರ್ಥ ಆಗಬೇಕು. ಆಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಸಾಲ ಕೊಟ್ಟವರಿಗೆ 21 ದಿನದ ಗಡುವು. ಅವರು ತಡ ಮಾಡಿದರೆ ಅವರು ಕೊಡಬೇಕು, ಅವರು ಸರಿಯಾದ ಸಮಯಕ್ಕೆ ಕಳಿಸಿಯೂ ಕಂಪನಿ ತಡ ಮಾಡಿದರೆ ಕಂಪನಿ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಆನ್‌ಲೈನಿನಲ್ಲೇ ದೂರು ಕೊಡಬಹುದು, ಶುಲ್ಕ ಇಲ್ಲ, ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

'ಸಿಬಿಲ್ ಕ್ಲಿಯರ್ ಮಾಡಿಸಿಕೊಡ್ತೀವಿ, ಐದು ಸಾವಿರ' ಅಂತ ಹೇಳಿಕೊಂಡು ತಿರುಗುವವರು ಸಿಗುತ್ತಾರೆ. ತಪ್ಪು ದಾಖಲೆಯಾದರೆ ನೀವೇ ಬಿಟ್ಟಿಯಾಗಿ ತಿದ್ದಿಸಬಹುದು. ನಿಜವಾದ ದಾಖಲೆಯನ್ನು ಅವರೇನು, ಯಾರೂ ಅಳಿಸಲಾಗುವುದಿಲ್ಲ. ಒಟಿಪಿ ಮಾತ್ರ ಅವರ ಕೈಗೆ ಕೊಡಬೇಡಿ. ನೀವು ತೆಗೆಯದ ಸಾಲ ನಿಮ್ಮ ಹೆಸರಿನಲ್ಲಿ ಕಂಡರೆ ಡಿಸ್‌ಪ್ಯೂಟ್ ಜೊತೆಗೆ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ದಾಖಲಿಸಿ.

ಆಮೇಲೆ ಬಂದ ಪ್ರಶ್ನೆಗಳು.

ಒಬ್ಬ ಹುಡುಗ ಕೇಳಿದ: 'ನಾನು ಇಲ್ಲಿವರೆಗೂ ಸಾಲನೇ ತೆಗ್ದಿಲ್ಲ, ಎನ್ ಎಚ್ ಅಂತ ತೋರಿಸ್ತದೆ. ಕೊಡಲ್ವಂತೆ?' ಎನ್ ಎಚ್ ಅಂದರೆ ಹಿಂದಿನ ದಾಖಲೆ ಇಲ್ಲ ಅಂತ. ಕೆಟ್ಟದ್ದು ಅಂತ ಅಲ್ಲ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಆ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಇಷ್ಟೇ ಅಂಕ ಇರಬೇಕು ಅಂತಲೂ ಅದು ಎಲ್ಲೂ ಗೊತ್ತುಮಾಡಿಲ್ಲ. 750 ಅನ್ನುವುದು ಸಾಲ ಕೊಡುವವರು ತಾವೇ ಹಾಕಿಕೊಂಡ ಗೆರೆ. ಆದಾಯ ಮತ್ತು ಬೇರೆ ಪತ್ರಗಳನ್ನು ನೋಡಿ ಅಂತ ಧೈರ್ಯವಾಗಿ ಕೇಳು.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರ ಪ್ರಶ್ನೆ: 'ನಮ್ಮಣ್ಣ ಸಾಲ ಮಾಡಿ ತೀರ್ಕೊಂಡ. ಅದು ಮಕ್ಕಳ ಸಿಬಿಲ್‌ಗೆ ಬತ್ತದಾ?' ಮಕ್ಕಳು ಜೊತೆ ಅರ್ಜಿದಾರರಾಗಿಯೋ ಜಾಮೀನುದಾರರಾಗಿಯೋ ಸೈನ್ ಹಾಕಿಲ್ಲದಿದ್ದರೆ ಬರಬಾರದು. ಅಣ್ಣ ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಬ್ಯಾಂಕಿನವರು ಕೇಳಬಹುದು, ಅದು ಬೇರೆ ವಿಷಯ. ಮರಣ ಪ್ರಮಾಣಪತ್ರ ಬ್ಯಾಂಕಿಗೆ ಕೊಟ್ಟು, ಸಾಲಕ್ಕೆ ವಿಮೆ ಇತ್ತಾ ಅಂತ ತಪ್ಪದೆ ಕೇಳಿ. ಎಷ್ಟೋ ಸಾಲಗಳ ಜೊತೆ ವಿಮೆ ಮಾಡಿಸಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಕೊನೆಯದು ಒಬ್ಬ ತಾಯಿಯದು. ಮಗಳು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಎಜುಕೇಶನ್ ಲೋನ್ ಇದೆ, ಯಜಮಾನರು ಜೊತೆಗೆ ಸೈನ್ ಹಾಕಿದ್ದಾರೆ. ಇದು ಯಾರ ರಿಪೋರ್ಟಿಗೆ ಬರುತ್ತದೆ ಅಂತ ಕೇಳಿದರು. ಇಬ್ಬರದಕ್ಕೂ ಬರುತ್ತದೆ ಅಕ್ಕ. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ. ಅಷ್ಟರಲ್ಲಿ ಮಗಳು ಬೆಂಗಳೂರಿಗೆ ಹೋಗಿರುತ್ತಾಳೆ, ಹಳೇ ಸಿಮ್ ಬಿಟ್ಟಿರುತ್ತಾಳೆ, ಕಂತು ಶುರುವಾದ ಮೆಸೇಜು ಯಾರಿಗೂ ಬರುವುದಿಲ್ಲ. ಮೊದಲ ಸಂಬಳದ ಖುಷಿಯಲ್ಲಿರುವಾಗಲೇ 026, 057 ಬಿದ್ದಿರುತ್ತದೆ, ಅವಳಿಗೂ, ಅವರಪ್ಪನಿಗೂ. ಹೊಸ ನಂಬರನ್ನು ಶಾಖೆಯಲ್ಲಿ ಬರೆಸಿ, ಕಂತು ಯಾವ ತಾರೀಖಿನಿಂದ, ಎಷ್ಟು, ಯಾವ ಖಾತೆಯಿಂದ ಅಂತ ಓದು ಮುಗಿದ ವರ್ಷವೇ ಬರೆಸಿಕೊಂಡು ಬನ್ನಿ.